ಅಲೆಗೆರೆಯ ಪೆನ್ನು

ಹಳೇ ಸಾಮಾನು ಕಂಡರೆ ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ನಾನು ನಂಬುವುದಿಲ್ಲ. 'ಆ ಕಾಲದ ಕೆಲಸವೇ ಬೇರೆ' ಅನ್ನುವವರನ್ನು, ಆ ಕಾಲದಲ್ಲಿ ಹಲ್ಲುನೋವು ಬಂದರೆ ಏನು ಮಾಡ್ತಿದ್ರು ಅಂತ ಕೇಳಬೇಕು. ಕಾಲೇಜಿನಲ್ಲಿದ್ದಾಗ ಇದೇ ವಿಷಯದ ಮೇಲೆ ಚರ್ಚಾಸ್ಪರ್ಧೆಯಲ್ಲಿ ಮಾತಾಡಿದ್ದೇನೆ, ಹಳೆಯದರ ವಿರುದ್ಧ, ಗೆದ್ದಿದ್ದೇನೆ. ಆಮೇಲೆ ಇನ್ನೊಂದು ಕಾಲೇಜಿನಲ್ಲಿ ಚೀಟಿ ಎತ್ತಿದಾಗ ಹಳೆಯದರ ಪರ ಬಂತು. ಅಲ್ಲೂ ಗೆದ್ದೆ. ಎರಡೂ ಕಡೆಯಿಂದ ಗೆದ್ದವಳಿಗೆ ಯಾವ ಕಡೆಯ ಮೇಲೂ ಗೌರವ ಉಳಿಯುವುದಿಲ್ಲ. ಹೀಗಿರುವ ನಾನು ಒಂದು ಹಳೇ ಇಂಕ್ ಪೆನ್ನಿಗಾಗಿ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಅಲೆದೆ ಅನ್ನುವುದು ನನಗೇ ಮುಜುಗರ. ನನ್ನ ವಿರುದ್ಧ ನಾನೇ ವಾದ ಹೂಡಿ ನೋಡಿದೆ. ಆಸೆಗೆ ವಾದ ತಾಗುವುದಿಲ್ಲ, ಎಮ್ಮೆ ಮೇಲೆ ಮಳೆ ಸುರಿದ ಹಾಗೆ.

ಪೆನ್ನು ಮೊದಲು ಕಂಡಿದ್ದು ಒಂದು ಅಂತರಕಾಲೇಜು ಫೈನಲ್‌ನಲ್ಲಿ, ತೀರ್ಪುಗಾರರಲ್ಲಿ ಒಬ್ಬರಾಗಿದ್ದ ವಯಸ್ಸಾದ ವಕೀಲಮ್ಮನ ಕೈಯಲ್ಲಿ. ಫಲಿತಾಂಶ ಬಂದ ಮೇಲೆ ಉಳಿದ ಹುಡುಗಿಯರು ಅವರ ಕಾಲಿಗೆ ಬಿದ್ದರು. ನಾನು ಹೋಗಿ, ನನಗೆ ಯಾವ ಅಂಶಕ್ಕೆ ಅಂಕ ಕಳೆದಿರಿ ಅಂತ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ವಿವರಿಸೋಕೆ ಶುರುಮಾಡಿದರು, ಕನ್ನಡಕ ಒರೆಸಿಕೊಳ್ಳೋಕೆ ಎರಡೂ ಕೈ ಬೇಕಾಗಿ ಪೆನ್ನನ್ನು ನನ್ನ ಕೈಗೆ ಕೊಟ್ಟರು. "ಹಿಡ್ಕೋ ಸ್ವಲ್ಪ."

ವೇದಿಕೆ ಇಳಿದ ಮೇಲೆ ಬಹಳ ಹೊತ್ತು ನನ್ನ ಅಂಗೈ ಬೆವರುತ್ತಿರುತ್ತದೆ. ಬಾಲ್‌ಪೆನ್ನು ಬೆರಳಿಂದ ಜಾರುತ್ತೆ, ಟಿಪ್ಪಣಿ ಬರೆಯೋವಾಗ ಎಷ್ಟೋ ಸಲ ನೆಲಕ್ಕೆ ಬೀಳಿಸಿದ್ದೇನೆ. ಈ ಪೆನ್ನು ಜಾರಲಿಲ್ಲ. ಕಪ್ಪು ಮೈ, ಎಬೊನೈಟ್ ಅಂತಾರೆ, ರಬ್ಬರನ್ನೇ ಕಲ್ಲಿನ ಹಾಗೆ ಗಟ್ಟಿ ಮಾಡಿದ್ದು. ಮೈಮೇಲೆಲ್ಲ ಕೂದಲೆಳೆಯಷ್ಟು ಸಣ್ಣ ಗೆರೆಗಳು, ನೇರವಾಗಿಲ್ಲ, ಕೆರೆ ನೀರಿನ ಮೇಲೆ ಗಾಳಿ ಆಡಿದ ಹಾಗೆ ಅಲೆಅಲೆಯಾಗಿ. ಹೆಬ್ಬೆರಳಿಗೆ ಆ ಅಲೆ ಸಿಕ್ಕುತ್ತಿತ್ತು. ಮಾಡುತ್ತಿದ್ದ ಕಂಪನಿ ಎಂದೋ ಮುಚ್ಚಿಹೋಯಿತಂತೆ.

"ಮೇಡಂ, ಇದನ್ನ ಮಾರ್ತೀರಾ?" ಅಂತ ಕೇಳಿದೆ.

"ನಾನು ಸತ್ತ ಮೇಲೆ ಬಾ," ಅಂದರು.

"ಯಾವಾಗ ಬರ್ಲಿ?" ಅಂದೆ.

ಜೊತೆಯಲ್ಲಿದ್ದ ನಮ್ಮ ಉಪನ್ಯಾಸಕಿ ತೋಳು ಚಿವುಟಿದರು. ವಕೀಲಮ್ಮ ಮಾತ್ರ ನಕ್ಕರು. ನಾನು ಕೇಳಿದ್ದು ತಮಾಷೆಗೆ ಅಂತ ಅವರು ತಿಳಿದುಕೊಂಡರು.

ಆಮೇಲೆ ಹುಡುಕಿದೆ. ಅವೆನ್ಯೂ ರೋಡಿನ ಪೆನ್ನಿನ ಅಂಗಡಿಯವನು "ನಮ್ಮಪ್ಪನ ಕಾಲಕ್ಕೇ ಮುಗೀತು ಬಿಡಿ" ಅಂದ. ಬೆಳ್ಳಂದೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಪೆನ್ನು ಕೂಡಿಡುವ ಒಬ್ಬ ಮಹಾಶಯನ ಮನೆಗೆ ಹೋದೆ. ಗಾಜಿನ ಬೀರು, ಒಳಗೆ ಲೈಟು, ಮಖಮಲ್ಲಿನ ಮೇಲೆ ಪೆನ್ನುಗಳನ್ನು ಹೆಣದ ಸಾಲಿನ ಹಾಗೆ ಮಲಗಿಸಿದ್ದ. ಅಲೆಗೆರೆಯದೇ ಎರಡಿದ್ದವು. ಒಂದು ಕೊಡಿ ಅಂದೆ. ಪೆನ್ನಂದ್ರೆ ಬರೆಯೋದಷ್ಟೇ ಅಲ್ಲ, ಅದೊಂದು ಅನುಭವ ಅಂದ. ಹಾಗಾದ್ರೆ ಸಾರ್, ಬರೆಯೋಕೆ ಬಾರದ ಪೆನ್ನು ಇಟ್ಟುಕೊಂಡು ಅನುಭವಿಸಿ, ಬರೆಯೋದನ್ನ ನಂಗೆ ಕೊಡಿ, ಇಬ್ರಿಗೂ ನಷ್ಟ ಇಲ್ಲ ಅಂದೆ. ನಾನು ಲಿಫ್ಟ್ ಇಳಿಯೋ ಮೊದಲೇ, ಅವನು ನಡೆಸುತ್ತಿದ್ದ ಪೆನ್ನಿನವರ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದು ಹಾಕಿದ್ದ.

ಈ ನಡುವೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ಆನ್‌ಲೈನಿನಲ್ಲಿ ಸಾಮಾನು ತರಿಸಿಕೊಂಡು, ಸರಿಯಿಲ್ಲ, ದುಡ್ಡು ವಾಪಸ್ ಕೊಡಿ ಅಂತ ಬರೆಯುವವರಿಗೆ ಯಾಕೆ ಕೊಡುವುದಿಲ್ಲ ಅಂತ ಉತ್ತರ ಬರೆಯೋ ಕೆಲಸ. ಸಾಮಾನು ಯಾವ ಸ್ಥಿತಿಯಲ್ಲಿತ್ತು, ಯಾವ ಸ್ಥಿತಿಯಲ್ಲಿ ಬಂತು, ತಪ್ಪು ಯಾರದು, ಇದನ್ನು ಬಿಡಿಸಿ ಬಿಡಿಸಿ ಎದುರಿನವರ ಬಾಯಿಂದಲೇ ತಪ್ಪೊಪ್ಪಿಸುವುದು. ನಮ್ಮ ತಂಡದಲ್ಲಿ ನನ್ನಷ್ಟು ಚೆನ್ನಾಗಿ ಇದನ್ನು ಮಾಡುವವರು ಇರಲಿಲ್ಲ. ಚರ್ಚಾಸ್ಪರ್ಧೆಯಿಂದ ಯಾವ ಕೆಲಸಕ್ಕೂ ಉಪಯೋಗವಿಲ್ಲ ಅನ್ನುತ್ತಿದ್ದ ಅಪ್ಪ ಸುಮ್ಮನಾದರು.

ಹೋದ ವರ್ಷ, ಚಂದಾಪುರದ ನನ್ನ ಬಾಡಿಗೆ ರೂಮಿನಲ್ಲಿ ಬಿದ್ದುಕೊಂಡು ಹಳೇ ಸಾಮಾನು ಮಾರುವ ಆ್ಯಪ್ ನೋಡುತ್ತಿದ್ದಾಗ ಒಂದು ಫೋಟೋ ಕಂಡಿತು. ದಿನಪತ್ರಿಕೆಯ ಮೇಲೆ ಇಟ್ಟ ಪೆನ್ನು. ಕಂದುಬಣ್ಣಕ್ಕೆ ತಿರುಗಿದ್ದ ಮೈ, ತುಂಬ ಕೊಳೆ. ಆದರೆ ಅಲೆ ಇತ್ತು. ಕೆಳಗೆ ಬರೀ 'ಹಳೇ ಪೆನ್ನು, ಪೀಣ್ಯ' ಅಂತ. ಫೋನ್ ಮಾಡಿದೆ. ಎತ್ತಿದವರು ವಯಸ್ಸಾದ ಗಂಡಸು.

"ಸಾರ್, ಪೆನ್ನು ಇದೆಯಾ?"

"ಯಾವ ಪೆನ್ನಮ್ಮ?"

"ಮಾರಾಟಕ್ಕೆ ಹಾಕಿದೀರಲ್ಲ ಸಾರ್."

"ಓ, ಅದಾ. ನಮ್ ತಮ್ಮನ ಮಗಳು ಹಾಕಿದ್ದು. ಇದೆ ಇದೆ. ಯಾಕೆ, ನಿಮಗೆ ಬೇಕಾ?" ಸ್ವಲ್ಪ ತಡೆದು ಮತ್ತೆ ಕೇಳಿದರು, "ನಿಜವಾಗ್ಲೂ ಬೇಕಾ?"

ಮಾರುವವರಿಗೆ ತಮ್ಮ ಸರಕಿನ ಮೇಲೆ ನಂಬಿಕೆ ಇಲ್ಲದಿದ್ದರೆ ಕೊಳ್ಳುವವರಿಗೆ ಅರ್ಧ ಕೆಲಸ ಮುಗಿದ ಹಾಗೆ. ನೋಡೋಣ ಸಾರ್, ನೋಡಿದ ಮೇಲೆ ಹೇಳ್ತೀನಿ ಅಂತ ಬೇಕಂತಲೇ ಸಪ್ಪೆಯಾಗಿ ಹೇಳಿದೆ. ಅವರು ಹೇಳಿದ ಬೆಲೆ ಹೆಚ್ಚೇನಿರಲಿಲ್ಲ. ಆದರೂ ಅದಕ್ಕಿಂತ ಕಡಿಮೆಗೆ ತರುವುದು ಅಂತ ಫೋನ್ ಇಡುವಾಗಲೇ ತೀರ್ಮಾನಿಸಿದ್ದೆ. ಮುಂದಿನ ಶನಿವಾರ ಅಂತ ಮಾತಾಯಿತು.

ಬೊಮ್ಮಸಂದ್ರದಲ್ಲಿ ಹಳದಿ ಮೆಟ್ರೋ ಹತ್ತಿ, ಆರ್.ವಿ. ರೋಡಿನಲ್ಲಿ ಹಸಿರಿಗೆ ಬದಲಾಯಿಸಿ, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದೆ. ಪೀಣ್ಯದಲ್ಲಿ ಇಳಿದರೆ ಮೆಷಿನ್ನು ತಣಿಸುವ ಕೂಲೆಂಟ್ ಎಣ್ಣೆಯ ವಾಸನೆ ಸ್ವಾಗತಕ್ಕೆ ನಿಂತಿರುತ್ತದೆ. ಅವರು ಹೇಳಿದ ಅಡ್ಡರಸ್ತೆಯಲ್ಲಿ ಅರ್ಧ ಷಟರ್ ಎಳೆದ ಒಂದು ಶೆಡ್ಡು. ನಲ್ಲಿ, ಬಾಗಿಲ ಹಿಡಿ, ಬೈಕಿನ ಭಾಗ, ಇಂಥವನ್ನು ಉಜ್ಜಿ ಹೊಳಪು ಕೊಡುವ ಬಫಿಂಗ್ ಯೂನಿಟ್ಟು. ಬಟ್ಟೆ ಸುತ್ತಿದ ದೊಡ್ಡ ಚಕ್ರಗಳು ಸಾಲಾಗಿ ನಿಂತಿದ್ದವು, ಒಂದರ ಮುಂದೆ ಮುಖಕ್ಕೆ ಟವೆಲ್ ಕಟ್ಟಿಕೊಂಡ ಒಬ್ಬ ಕೆಲಸಗಾರ ನಲ್ಲಿ ಹಿಡಿದು ನಿಂತಿದ್ದ. ಯಾದಗಿರಿ ಕಡೆಯವನು ಅಂತ ಆಮೇಲೆ ಗೊತ್ತಾಯಿತು.

ಯೂನಿಟ್ಟಿನ ಮಾಲೀಕ ತಮ್ಮ. ದಪ್ಪಗೆ, ಎರಡು ಫೋನು ಹಿಡಿದುಕೊಂಡು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದ. ನನ್ನ ಜೊತೆ ಫೋನಿನಲ್ಲಿ ಮಾತಾಡಿದವರು ಅಣ್ಣ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮಾಲು ತಪಾಸಣೆ ಮಾಡುವ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ರಿಟೈರ್ ಆದವರು. ಈಗ ತಮ್ಮನ ಶೆಡ್ಡಿನಲ್ಲಿ ಒಂದು ಸ್ಟೂಲಿನ ಮೇಲೆ ಕೂತಿರುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸ್ಟೀಲಿನ ಸಣ್ಣ ಸ್ಕೇಲು. ಅಲ್ಲಿ ಅವರಿಗೆ ಕೆಲಸವೇನೂ ಇಲ್ಲ ಅನ್ನೋದು ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತಿತ್ತು, ಯಾಕೆಂದರೆ ತಮ್ಮ ಅದನ್ನೇ ಹೇಳಿದ.

"ಬನ್ನಿ ಮೇಡಂ, ನೀವೇನಾ ಪೆನ್ನಿನ ಪಾರ್ಟಿ? ನೀವು ಫೋನ್ ಮಾಡಿದಾಗಿಂದ ನಮ್ಮಣ್ಣ ಒಳ್ಳೇ ವೀಲ್ ಹತ್ರ ಯಾರನ್ನೂ ಬಿಟ್ಟಿಲ್ಲ. ನನ್ನ ನಲ್ಲಿ ಆರ್ಡರ್ ಹಂಗೇ ಕೂತಿದೆ. ಸರ್ವಿಸಲ್ಲಿ ಇದ್ದಾಗಲೂ ಇಷ್ಟು ದುಡಿದಿರ್ಲಿಲ್ಲ ಅನ್ಸುತ್ತೆ."

"ಸುಮ್ನಿರೋ," ಅಂದರು ಅಣ್ಣ, ನಗುತ್ತ. "ಕೂತ್ಕೊಳಮ್ಮ. ಅಷ್ಟು ದೂರದಿಂದ ಬಂದಿದೀರ."

ವೀಲ್ ಅನ್ನುವ ಮಾತು ನನ್ನ ಕಿವಿಗೆ ಬಿದ್ದಿತ್ತು. ಸಾಲಾಗಿ ನಿಂತ ಚಕ್ರಗಳ ಕಡೆ ಇನ್ನೊಂದು ಸಲ ನೋಡಿದೆ.

ಅವರು ಟೇಬಲ್ಲಿನ ಡ್ರಾಯರಿನಿಂದ ಹಳದಿ ಫ್ಲಾನೆಲ್ ಬಟ್ಟೆಯ ಗಂಟು ತೆಗೆದರು. ಎರಡು ಬೆರಳಲ್ಲಿ ಬಟ್ಟೆಯ ಒಂದೊಂದೇ ತುದಿ ಬಿಡಿಸಿದರು. ಪೆನ್ನು ಹೊಳೆಯುತ್ತಿತ್ತು. ಹೊಳೆಯುತ್ತಿತ್ತು ಅಂದರೆ ಸಾಲದು. ಟ್ಯೂಬ್‌ಲೈಟು ಅದರ ಮೈಮೇಲೆ ಒಂದೇ ಒಂದು ಬಿಳಿ ಗೀಟಾಗಿ ಬಿದ್ದಿತ್ತು, ಎಲ್ಲೂ ಮುರಿದಿರಲಿಲ್ಲ. ಬಗ್ಗಿದಾಗ ನನ್ನ ಮೂಗು ಕಾಣಿಸಿತು. ಹೆಬ್ಬೆರಳು ಇಟ್ಟೆ. ಜಾರಿತು. ಸುಟ್ಟ ರಬ್ಬರಿನ, ಗಂಧಕದ ವಾಸನೆ ಇನ್ನೂ ಮೈಗೆ ಅಂಟಿತ್ತು.

"ಹೆಂಗಿದೆ?" ಅಂದರು.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ 'ಚೆನ್ನಾಗಿದೆ ಸಾರ್' ಅಂದು ಒಂದು ನೆಪ ಹೇಳಿ ಎದ್ದುಬಿಡುತ್ತಿದ್ದರು. ಅದನ್ನು ದಾಕ್ಷಿಣ್ಯ ಅಂತಾರೆ. ನನ್ನ ಪ್ರಕಾರ ಅದು ಹೇಳುವವರ ಅನುಕೂಲಕ್ಕೆ ಹೇಳುವ ಸುಳ್ಳು. ಆ ಮನುಷ್ಯ ಇನ್ನೊಂದು ಪೆನ್ನು, ಇನ್ನೊಂದು ದೀಪ, ಇನ್ನೊಂದು ಗಡಿಯಾರ ಹೀಗೇ ಉಜ್ಜಿ ಹಾಳು ಮಾಡಿಕೊಂಡು ಕೂತಿರಲಿ ಅಂತ ಬಿಟ್ಟು ಹೋಗುವುದು ಯಾವ ಸೀಮೆ ಕರುಣೆ? ಅದೂ ಅಲ್ಲದೆ, ಇಷ್ಟು ವರ್ಷ ಹುಡುಕಿದ್ದನ್ನು ನನ್ನ ಕಣ್ಣೆದುರು ಕನ್ನಡಿ ಮಾಡಿ ಇಟ್ಟು ಹೆಂಗಿದೆ ಅಂತ ಕೇಳುತ್ತಿದ್ದರು. ನನಗೆ ಕೋಪ ಬಂದಿತ್ತು. ಕೋಪ ಬಂದಾಗ ನನ್ನ ದನಿ ತಣ್ಣಗಾಗುತ್ತದೆ.

ಚರ್ಚೆಯಲ್ಲಿ ನಮಗೆ ಕಲಿಸಿದ್ದು ಇದು: ಎದುರಾಳಿಗೆ ವಿವರಣೆ ಕೇಳಬೇಡ, ಹೌದು ಅಥವಾ ಇಲ್ಲ ಅನ್ನಬೇಕಾದ ಪ್ರಶ್ನೆಯನ್ನೇ ಕೇಳು. ಕೊನೇ ಹೌದು ಅವನ ಬಾಯಿಂದಲೇ ಬರಲಿ.

"ಸಾರ್, ಫೋಟೋದಲ್ಲಿ ಇದ್ದದ್ದು ಇದೇ ಪೆನ್ನಾ?"

"ಇದೇ. ಗುರುತೇ ಸಿಗಲಿಲ್ಲ ಅಲ್ವಾ?" ಹೆಮ್ಮೆಯಿಂದ ಕೇಳಿದರು.

"ಸಿಗಲಿಲ್ಲ." ಫೋನ್ ತೆಗೆದು ಅವರದೇ ಫೋಟೋ ದೊಡ್ಡದು ಮಾಡಿ ಪೆನ್ನಿನ ಪಕ್ಕದಲ್ಲಿಟ್ಟೆ. "ಇಲ್ಲಿ ಅಲೆಅಲೆ ಗೆರೆ ಇದೆಯಲ್ಲ. ಕಾಣುತ್ತಾ?"

"ಕಾಣುತ್ತೆ."

"ಇಲ್ಲಿ ಕಾಣುತ್ತಾ?"

"ಇಲ್ಲ. ಅದು ಸವೆದಿತ್ತಮ್ಮ. ಕ್ಯಾಪ್ ಹತ್ರ ಜೋರಾಗಿತ್ತು, ಮಧ್ಯ ಮಾಸಿತ್ತು, ಸಂದೀಲೆಲ್ಲ ಕೊಳೆ. ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ ಇದ್ರೆ ಕಣ್ಣಿಗೆ ಹೊಡೆಯುತ್ತೆ. ಎಲ್ಲಾ ಒಂದೇ ಸಮ ಮಾಡ್ದೆ. ರಬ್ಬರು ಬೇಗ ಕಾಯುತ್ತೆ ನೋಡಿ, ಸುಟ್ಟುಹೋಗುತ್ತೆ. ಸ್ವಲ್ಪ ಒತ್ತೋದು, ಆರೋಕೆ ಬಿಡೋದು, ಮತ್ತೆ ಒತ್ತೋದು. ಯಾರಿಗೂ ಕೊಡ್ಲಿಲ್ಲ, ನಾನೇ ಮಾಡ್ದೆ."

ಅವರ ಮಾತು ಮುಗಿಯುವವರೆಗೆ ನಾನು ಟೇಬಲ್ ಮೇಲೆ ಕಣ್ಣಾಡಿಸುತ್ತಿದ್ದೆ. ಅಲ್ಲೊಂದು ಮೈಕ್ರೋಮೀಟರ್ ಇತ್ತು, ಲೋಹದ ದಪ್ಪ ಅಳೆಯುವ ಸಾಧನ, ಸ್ಕೂಲಿನ ಲ್ಯಾಬಿನಲ್ಲಿ ಮುಟ್ಟಿದ್ದೆ. ಅದರ ತಿರುಗಿಸುವ ತುದಿಯಲ್ಲಿ ಒರಟು ಗೆರೆಗಳಿರುತ್ತವೆ. ಕೈಗೆತ್ತಿಕೊಂಡೆ.

"ಇದು ನಿಮ್ಮದಾ ಸಾರ್?"

"ನಂದೇ. ಸ್ವಂತದ್ದು. ಫ್ಯಾಕ್ಟರೀದಲ್ಲ."

"ಈ ತುದೀಲಿ ಗೆರೆ ಯಾಕಿದೆ?"

"ನರ್ಲಿಂಗ್ ಅಂತಾರೆ. ಎಣ್ಣೆ ಕೈಯಲ್ಲಿ ಹಿಡಿದ್ರೂ ಜಾರಬಾರದು ಅಂತ."

"ಇದೂ ಅಲ್ಲಲ್ಲಿ ಸವೆದಿದೆ. ಕೊಳೆ ಕೂತಿದೆ. ಇದನ್ನ ವೀಲ್‌ಗೆ ಕೊಟ್ಟು ಒಂದೇ ಸಮ ಮಾಡ್ತೀರಾ?"

ಅವರು ನಕ್ಕರು. "ಅದು ಹೆಂಗಾಗುತ್ತಮ್ಮ, ಆಮೇಲೆ ಹಿಡ್ಕೊಳ್ಳೋದು…" ಅಂತ ಶುರು ಮಾಡಿದವರು ಅಲ್ಲಿಗೇ ನಿಂತರು.

ನಾನು ಪೆನ್ನನ್ನು ಅವರ ಕಡೆ ತಳ್ಳಿದೆ. ಅದು ಟೇಬಲ್ ಮೇಲೆ ಸರ್ರನೆ ಉರುಳಿ ಹೋಗಿ ಅವರ ಕೈಗೆ ತಾಗಿತು.

ಒಬ್ಬ ಮನುಷ್ಯನಿಗೆ ವಿಷಯ ತಿಳಿಯುವ ಕ್ಷಣ ಹೇಗಿರುತ್ತದೆ ಅಂತ ಚರ್ಚಾವೇದಿಕೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಕೆಲವರು ಕೂಗಾಡುತ್ತಾರೆ, ಕೆಲವರು ನೀರು ಕುಡಿಯುತ್ತಾರೆ. ಇವರು ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು, ಪೆನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ನಾನು ನಿಲ್ಲಿಸಬಹುದಿತ್ತು. ಆದರೆ ತೀರ್ಪು ಬರುವವರೆಗೆ ಮಾತು ನಿಲ್ಲಿಸುವುದು ನನಗೆ ಬರುವುದಿಲ್ಲ. ಗೆರೆಯ ಜೊತೆ ಮೈಮೇಲೆ ಕೊರೆದಿದ್ದ ಕಂಪನಿಯ ಹೆಸರೂ ಹೋಗಿದೆ, ಆ ಹೆಸರಿಲ್ಲದೆ ಇದು ಯಾವ ಪೆನ್ನು ಅಂತ ಸಾಬೀತು ಮಾಡೋಕಾಗಲ್ಲ ಅಂದೆ. ಕೊಳೆ ಇದ್ದಿದ್ರೆ ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕಾಗಿತ್ತು ಅಂದೆ. ಇಷ್ಟು ದಿನ ಹಾಳಾಗದೆ ಉಳಿದಿದ್ದು ನಿಮ್ಮ ಕೈಗೆ ಬಂದು ಹಾಳಾಯ್ತು ಅಂದೆ. ಅದೂ ನಿಜವೇ.

ಬಾಗಿಲಲ್ಲಿದ್ದ ತಮ್ಮ ಕುರ್ಚಿ ತಿರುಗಿಸಿಕೊಂಡಿದ್ದ. ಸಿನಿಮಾ ನೋಡುವವರ ಮುಖ.

"ಅಣ್ಣ, ಸರ್ವಿಸ್ ಪೂರ್ತಿ ಬೇರೆಯವರ ಮಾಲಲ್ಲಿ ತಪ್ಪು ಹುಡುಕಿ ಪ್ರಾಣ ತಿಂದೆ. ನಿನ್ನ ಮಾಲಿಗೆ ಇವತ್ತು ಸಿಕ್ಕಿದ್ರು ನೋಡು ಇನ್‌ಸ್ಪೆಕ್ಟರ್ರು."

ಅಣ್ಣ ಮೈಕ್ರೋಮೀಟರ್ ತೆಗೆದುಕೊಂಡು ಪೆನ್ನಿನ ಮೈ ಮೂರುನಾಲ್ಕು ಕಡೆ ಅಳೆದರು. "ಸುಮಾರು ಹೋಗಿದೆ," ಅಂತ ತಮಗೆ ತಾವೇ ಹೇಳಿಕೊಂಡರು.

ಈಗ ನಿಬ್ಬಿನ ವಿಷಯ. ಕ್ಯಾಪ್ ತಿರುಗಿಸಿ ನಾನು ಮೊದಲೇ ನೋಡಿದ್ದೆ. ಚಿನ್ನದ ನಿಬ್ಬು, ಸೀಳಿನ ಎರಡೂ ಕವಲು ನೇರವಾಗಿ ಕೂತಿದ್ದವು, ತುದಿಯ ಮಣಿ ಸವೆಯದೆ ಹಾಗೇ ಇತ್ತು. ನಿಬ್ಬಿಗೆ ಅವರು ಕೈ ಹಚ್ಚಿರಲಿಲ್ಲ. ಅಂದರೆ ಪೆನ್ನು ಬರೆಯುತ್ತಿತ್ತು. ಅಂಥ ನಿಬ್ಬು ಇನ್ನೆಲ್ಲಿ ಸಿಗಬೇಕು? ಮೈ ನುಣ್ಣಗಾದರೇನು, ನೂಲು ಸುತ್ತಿಕೊಂಡು ಬರೆದೇನು. ನನಗೆ ಪೆನ್ನು ಬೇಕಾಗಿತ್ತು. ಮನೆಯಿಂದ ಹೊರಟಾಗ ಎಷ್ಟು ಬೇಕಾಗಿತ್ತೋ ಅದಕ್ಕಿಂತ ಸ್ವಲ್ಪವೂ ಕಡಿಮೆಯಲ್ಲ. ಆದರೆ ನಿಬ್ಬಿನ ಮಾತು ನಾನು ಎತ್ತಲಿಲ್ಲ. ಎದುರಾಳಿಯ ವಾದವನ್ನು ನಾವೇ ಯಾಕೆ ಮಾಡಿಕೊಡಬೇಕು? ಬೆಲೆ ನೆಲಕ್ಕಿಳಿಯುತ್ತಿತ್ತು, ಇಳಿಯಲಿ.

"ಒಂದು ಕೇಳ್ತೀನಮ್ಮ," ಅಂದರು ಅಣ್ಣ. "ಇದನ್ನ ರಿವರ್ಕ್ ಮಾಡೋಕಾಗುತ್ತಾ? ಆ ಗೆರೆ ಮತ್ತೆ ಹೊಡೆಯೋದು?"

"ಆಗಲ್ಲ ಸಾರ್. ಹೊಡೆಯೋ ಮೆಷಿನ್ನೇ ಈಗ ಯಾರ ಹತ್ರಾನೂ ಇಲ್ಲ. ಇದ್ರೂ ನೀವು ಮೈ ತೆಳು ಮಾಡಿದೀರ, ಒಡೆದು ಹೋಗುತ್ತೆ."

"ಹೂಂ. ಅದು ಸರಿ." ಬೆರಳಿನಿಂದ ಟೇಬಲ್ ಮೇಲೆ ಏನೋ ಗುರುತು ಮಾಡಿದರು. "ಹಂಗಾದ್ರೆ ಇದ್ದ ಹಾಗೇ ತಗೊಳ್ತೀರಾ? ಫ್ಯಾಕ್ಟರೀಲಿ ಡೀವಿಯೇಷನ್ ಅಂತಿದ್ವಿ. ಮಾಲು ಸರಿ ಇರಲ್ಲ, ಗಿರಾಕಿಗೂ ಗೊತ್ತಿರುತ್ತೆ, ಆದ್ರೂ ಒಪ್ಕೊಂಡು ತಗೊಳ್ತಾರೆ. ಹಂಗೆ."

ಬಾಗಿಲು ತೆರೆದಿತ್ತು. ಒಂದು ಮೊತ್ತ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಚೌಕಾಸಿ ನಾನು ಕಲಿತದ್ದು ಚರ್ಚಾವೇದಿಕೆಯಲ್ಲಲ್ಲ, ಬೊಮ್ಮನಹಳ್ಳಿಯಲ್ಲಿ ಅಮ್ಮನ ಹಿಂದೆ. ಅಮ್ಮ ಸೀರೆ ಮುಟ್ಟಿ ನೋಡಿ, ಮುಖ ಸಿಂಡರಿಸಿ, ಥೂ ಇದನ್ನ ಯಾರು ಉಡ್ತಾರೆ ಅಂತ ಎದ್ದು ಹೊರಟುಬಿಡುತ್ತಿದ್ದಳು. ರಸ್ತೆ ತಿರುಗುವುದರೊಳಗೆ ಅಂಗಡಿಯವನು ಅಕ್ಕಾ ಅಕ್ಕಾ ಅಂತ ಕೂಗುತ್ತಿದ್ದ. ಕೂಗದೆ ಇದ್ದದ್ದು ನಾನು ಕಂಡಿಲ್ಲ.

"ಬಿಟ್ಟಿ ಕೊಟ್ರೂ ಬೇಡ ಸಾರ್," ಅಂದೆ.

"ಬೇಡ್ವಾ?"

"ಬೇಡ."

"ಖಂಡಿತಾನಾ?"

"ಖಂಡಿತ."

ಬ್ಯಾಗು ಹೆಗಲಿಗೇರಿಸಿ ಎದ್ದೆ. ಬಾಗಿಲ ಕಡೆ ನಿಧಾನಕ್ಕೆ ನಡೆದೆ. ಷಟರಿನ ಹತ್ತಿರ ನಿಂತು ಆಟೋ ಬುಕ್ ಮಾಡುವವಳ ಹಾಗೆ ಫೋನಿನ ಮೇಲೆ ಬೆರಳಾಡಿಸಿದೆ. ತಮ್ಮ ನನ್ನನ್ನೇ ನೋಡುತ್ತಿದ್ದ. ಅವನು ವ್ಯಾಪಾರಸ್ಥ, ಅವನಿಗೆ ಗೊತ್ತಾಗಿತ್ತು ಅಂತ ಈಗ ಅನ್ನಿಸುತ್ತದೆ. ಅವನು ಬಾಯಿ ಬಿಡಲಿಲ್ಲ, ಹಲ್ಲು ಬಿಟ್ಟ.

ಹಿಂದಿನಿಂದ ಕರೆಯುವ ದನಿಗೆ ಕಾಯುತ್ತಿದ್ದೆ. ಕೇಳಿದ್ದು ಮೆಷಿನ್ನು ಶುರುವಾದ ಸದ್ದು.

ಬಫಿಂಗ್ ಚಕ್ರದ ಹೂಂಕಾರವಲ್ಲ ಅದು. ಕಿವಿ ಕೊರೆಯುವ ಸದ್ದು. ತಿರುಗಿದರೆ ಅಣ್ಣ ಮೂಲೆಯ ಕಟಿಂಗ್ ವೀಲಿನ ಮುಂದೆ ಕಣ್ಣಿಗೆ ಚೂರು ಹಾರದ ಹಾಗೆ ದಪ್ಪ ಕನ್ನಡಕ ಕಟ್ಟಿಕೊಂಡು ನಿಂತಿದ್ದರು, ಕೈಯಲ್ಲಿ ಇಕ್ಕಳ, ಇಕ್ಕಳದ ಬಾಯಲ್ಲಿ ಪೆನ್ನು. ನಾನು ಆ ಕಡೆ ಹೋಗುವಷ್ಟರಲ್ಲಿ ಕಪ್ಪು ಪುಡಿ ಹಾರತೊಡಗಿತ್ತು.

"ಹಿಂದ ಸರೀರಿ ಅಕ್ಕಾ, ಚೂರು ಹಾರತಾವ," ಅಂತ ಟವೆಲಿನವನು ಕೈ ಅಡ್ಡ ಮಾಡಿದ.

"ಸಾರ್, ನಿಬ್ಬು," ಅಂದೆ. "ಸಾರ್, ನಿಬ್ಬು ಚೆನ್ನಾಗಿದೆ."

ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಮೈ ಎರಡು ತುಂಡಾಯಿತು. ಕ್ಯಾಪು ಎರಡು ತುಂಡಾಯಿತು. ಆಮೇಲೆ ನಿಬ್ಬಿದ್ದ ಮುಂದಿನ ತುಂಡನ್ನು ಮೆಷಿನ್ನಿನ ಕಬ್ಬಿಣದ ಅಂಚಿನ ಮೇಲಿಟ್ಟು, ಸುತ್ತಿಗೆ ತಗೊಂಡು, ನಿಬ್ಬಿನ ಮೇಲೆ ಒಂದೇ ಏಟು. ಒಂದು ಏಟಿಗಿಂತ ಹೆಚ್ಚು ಹಾಕಲಿಲ್ಲ, ಬೇಕಾಗಲೂ ಇಲ್ಲ. ಎಲ್ಲ ತುಂಡನ್ನೂ ಕೈಯಲ್ಲಿ ಬಳಿದು ಕೆಂಪು ಬಣ್ಣ ಬಳಿದ ಒಂದು ಡಬ್ಬಕ್ಕೆ ಹಾಕಿದರು. ಸ್ವಿಚ್ಚು ಆಫ್ ಮಾಡಿದರು.

"ಏನಂದ್ರಿ?" ಅಂತ ಆಮೇಲೆ ಕೇಳಿದರು.

"ನಿಬ್ಬು ಚೆನ್ನಾಗಿತ್ತು ಸಾರ್."

"ಹೌದಾ? ನೀವು ಹೇಳ್ಲೇ ಇಲ್ಲ."

"ನಾನು ತಗೊಳ್ತಿದ್ದೆ."

"ಬಿಟ್ಟಿ ಕೊಟ್ರೂ ಬೇಡ ಅಂದ್ರಲ್ಲಮ್ಮ. ಎರಡೆರಡು ಸಲ ಕೇಳ್ದೆ."

"ಅದು ಚೌಕಾಸಿಗೆ ಹೇಳಿದ್ದು."

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಕಣ್ಣಿನ ಕನ್ನಡಕ ಹಣೆಗೇರಿಸಿಕೊಂಡು ನನ್ನನ್ನು ನೋಡಿದರು. "ರಿವರ್ಕ್ ಆಗಲ್ಲ ಅಂದ್ರಿ, ಡೀವಿಯೇಷನ್ನೂ ಬೇಡ ಅಂದ್ರಿ. ಆಮೇಲೆ ಉಳಿಯೋದು ರಿಜೆಕ್ಟ್ ಒಂದೇ. ರಿಜೆಕ್ಟ್ ಮಾಲನ್ನ ಇಡೀದಾಗಿ ಇಡಬಾರದಮ್ಮ. ಇಟ್ರೆ ಇನ್ನೊಂದಿನ ಯಾರೋ ಗೊತ್ತಿಲ್ದೆ ಒಳ್ಳೇದು ಅಂತ ತಗೊಂಡು ಹೋಗ್ತಾರೆ. ಅದಕ್ಕೇ ಕಟ್ ಮಾಡಿಬಿಡೋದು. ನಮ್ಮಲ್ಲಿ ಹಂಗೇ."

ಇದು ಕಾರ್ಖಾನೆ ಅಲ್ಲ, ಅದು ಮಾಲೂ ಅಲ್ಲ, ಸ್ವಂತ ವಸ್ತು, ನಾನು ಇನ್ನೂ ಬಾಗಿಲು ದಾಟಿರಲಿಲ್ಲ, ಬೇಡ ಅಂದಿದ್ದಕ್ಕೂ ನಾಶ ಮಾಡುವುದಕ್ಕೂ ಯಾವ ತಾರ್ಕಿಕ ಸಂಬಂಧವೂ ಇಲ್ಲ. ಅಂಶಗಳು ಒಂದರ ಹಿಂದೆ ಒಂದು ತಲೆಯಲ್ಲಿ ಸಾಲಾಗಿ ನಿಂತವು. ಎಲ್ಲ ಸರಿಯಾಗಿಯೇ ಇದ್ದವು. ಯಾರಿಗೆ ಅಂತ ಹೇಳಬೇಕು? ಡಬ್ಬಕ್ಕಾ?

ತಮ್ಮ ಎದ್ದು ಬಂದು ಡಬ್ಬದೊಳಗೆ ಕೈಯಾಡಿಸಿ ಚಪ್ಪಟೆಯಾದ ನಿಬ್ಬನ್ನು ಹೆಕ್ಕಿದ. "ಇದು ಚಿನ್ನ ಅಲ್ವಾ ಮೇಡಂ?" ಹೌದು ಅಂದೆ. ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡ. "ಅಣ್ಣಂಗೆ ಟೀ ಖರ್ಚಿಗಾಯ್ತು."

ಅಣ್ಣ ಟವೆಲಿನವನನ್ನು ಕಳಿಸಿ ಟೀ ತರಿಸಿದರು. ಲೋಟಗಳು ಶೆಡ್ಡಿನವೇ. ನಾನು ಹೊರಟುಬಿಡಬಹುದಿತ್ತು, ಹೊರಡಲಿಲ್ಲ. ಅದೇ ಟೇಬಲ್ಲಿನ ಎದುರುಬದುರು ಕೂತೆವು. ಹಳದಿ ಬಟ್ಟೆ ಇನ್ನೂ ಅಲ್ಲೇ ಬಿದ್ದಿತ್ತು.

"ಹೆಂಗೆ ಬರೀತಿತ್ತು ಸಾರ್ ಅದು?" ಅಂತ ಕೇಳಿದೆ. ಅಷ್ಟಾದರೂ ಗೊತ್ತಾಗಲಿ ಅನ್ನಿಸಿತ್ತು.

"ನಾನು ಬರೆದೇ ಇಲ್ಲಮ್ಮ. ನಮ್ಮಾವನೋರದ್ದು. ಅವರು ಬರೀತಿದ್ರು. ಮದುವೇಲಿ ನಂಗೆ ಕೊಟ್ರು. ಹಾಳಾಗುತ್ತೆ ಅಂತ ಇಂಕೇ ತುಂಬಿಸ್ಲಿಲ್ಲ."

ಟೀ ಗುಟುಕರಿಸುತ್ತ ಅವರು ಏನೋ ಲೆಕ್ಕ ಹಾಕುತ್ತಿದ್ದರು. ಅವಮಾನ ಆದವರ ಮುಖ ಅಲ್ಲ, ಅರ್ಧಕ್ಕೆ ನಿಂತ ಕೆಲಸದ ಬಗ್ಗೆ ಯೋಚಿಸುವವರ ಮುಖ. ಕೊನೆಗೆ ಕೇಳಿದರು, ತುಂಬ ಗೌರವದಿಂದ, ಬಲ್ಲವರನ್ನು ಕೇಳುವ ಹಾಗೆ: "ಮೇಡಂ, ಯಾವ ಪಾಲಿಷ್ ಕಾಂಪೌಂಡ್ ಹಾಕಿ ಉಜ್ಜಿದ್ರೆ ಆ ಗೆರೆ ಉಳೀತಿತ್ತು?"

"ಯಾವುದೂ ಹಾಕಬಾರದಾಗಿತ್ತು ಸಾರ್."

"ಬರೀ ಬಟ್ಟೆ ವೀಲು?"

"ವೀಲೂ ಬೇಡ."

"ಕೈಯಲ್ಲಿ?"

"ಏನೂ ಮಾಡಬಾರದಾಗಿತ್ತು. ಮುಟ್ಟದೆ ಹಂಗೇ ಕೊಡಬೇಕಾಗಿತ್ತು."

"ಏನೂ ಮಾಡದೆ," ಅಂದರು ಅವರು. ಲೋಟ ಕೆಳಗಿಟ್ಟರು. "ಏನೂ ಮಾಡದೆ ಇರ್ಬೇಕಾಗಿತ್ತು."

ಬಾಗಿಲಿಂದ ತಮ್ಮನ ದನಿ ಬಂತು. "ಏನೂ ಮಾಡದೆ ಕೂರೋದು. ಅದೊಂದಾದ್ರೂ ನಮ್ಮಣ್ಣಂಗೆ ಚೆನ್ನಾಗಿ ಬರುತ್ತೆ ಅಂದ್ಕೊಂಡಿದ್ದೆ ಮೇಡಂ. ಅದೂ ಬರಲ್ಲ ನೋಡಿ."

ನನಗೆ ನಗು ಬಂತು. ತಡೆಯಲಿಲ್ಲ. ಮಾತು ಅಷ್ಟು ಚೆನ್ನಾಗಿತ್ತು, ಎಲ್ಲಿ ಹೊಡೆಯಬೇಕೋ ಅಲ್ಲೇ ಬಿದ್ದಿತ್ತು, ಯಾವ ವೇದಿಕೆಯಲ್ಲಾದರೂ ಚಪ್ಪಾಳೆ ಗಿಟ್ಟಿಸುವಂಥದ್ದು. ಟವೆಲಿನವನೂ ನಕ್ಕ.

ಅಣ್ಣ ನನ್ನ ಕಡೆ ನೋಡಿದರು. ತಮ್ಮನ ಕಡೆ ನೋಡಲಿಲ್ಲ, ಆ ನಗು ಅವರಿಗೆ ಹಳೆಯದು. ಆಮೇಲೆ ನನ್ನ ಮುಂದಿದ್ದ ಖಾಲಿ ಲೋಟ ತೆಗೆದುಕೊಂಡು ಹೋಗಿ, ಮೂಲೆಯ ನಲ್ಲಿಯಲ್ಲಿ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಎಲ್ಲೋ ಏನೋ ಕಂಡಿರಬೇಕು. ಮತ್ತೆ ತೊಳೆಯತೊಡಗಿದರು.